ಸಿಲ್ಕ್ ಬೋರ್ಡ್–ಕೆ.ಆರ್. ಪುರ ರಸ್ತೆಗೆ ಕಾರ್‌ಪೂಲ್ ಲೇನ್: ಆಗೋ ಮಾತಾ?

ಇಬ್ಲೂರಿನವ
ಒಬ್ಬರೇ ಕೂತು ಓಡಿಸೋ ಕಾರಿಗೆ ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಶುಲ್ಕ ಹಾಕಬೇಕು ಅನ್ನೋ ಸುದ್ದಿ 2025ರಲ್ಲಿ ಪೇಪರ್‌ಗಳಲ್ಲಿ ಓಡಾಡ್ತಲ್ಲ, ಅದು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಈಗ ಬೇರೆ ವೇಷದಲ್ಲಿ ಬಂದಿದೆ. ಶುಲ್ಕ ಬೇಡ, ಜೊತೆಗೆ ಹೋಗೋರಿಗೆ ಅನುಕೂಲ ಮಾಡಿಕೊಡಿ ಅಂತ. ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದವರೆಗೆ ಮೇನ್ ರೋಡಿನ ಮೂರು ಲೇನಲ್ಲಿ ಒಂದನ್ನ ಬೆಳಗ್ಗೆ-ಸಂಜೆ ಮಾತ್ರ, ಮೂರು ಜನ ಇರೋ ಕಾರಿಗೆ ಬಿಟ್ಟುಕೊಡಬೇಕು ಅನ್ನೋದು ಬೇಡಿಕೆ. ಅರ್ಜಿ ಬರೆಯೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಬರೆಯೋಕೆ ಕೂತರೆ ಯಾರ ಹೆಸರಿಗೆ ಬರೀಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಸಂಚಾರ ಪೊಲೀಸರಿಗಾ, ಪಾಲಿಕೆಗಾ, ಮೆಟ್ರೋದವರಿಗಾ? ಇದು ನಡೆಯೋ ಕೆಲಸ ಅಂತ ಯಾರಿಗಾದ್ರೂ ಅನ್ಸುತ್ತಾ? ಬೈಯೋರು ಬೈರಿ, ಕಾರಣ ಕೊಟ್ಟು ಬೈರಿ.

ಕ್ಲಚ್ ಕಾಲು
ಮೂರು ಲೇನ್ ಎಲ್ಲಿದೆ ಗುರು? ಮೆಟ್ರೋ ಬ್ಯಾರಿಕೇಡ್ ನುಂಗಿ ಉಳಿದಿರೋದು ಎರಡೂವರೆ. ಅದರಲ್ಲಿ ಅರ್ಧ ಗುಂಡಿ.

ಹಳದಿ ಬೋರ್ಡ್
ಲೇನ್ ಕೇಳೋಕೆ ಮುಂಚೆ ಕಾರ್‌ಪೂಲ್ ಕಾನೂನುಬದ್ಧವಾ ಅಂತ ಕೇಳಿ ಸಾರ್. 2023ರಲ್ಲಿ ಏನಾಯ್ತು ಮರೆತ್ರಾ? ಬಿಳಿ ಬೋರ್ಡ್ ಕಾರಲ್ಲಿ ದುಡ್ಡು ತಗೊಂಡು ಜನ ಕೂರಿಸ್ಕೊಂಡ್ರೆ ಕ್ರಮ ತಗೋತೀವಿ ಅಂತ ಸಾರಿಗೆ ಇಲಾಖೆ ಹೇಳ್ತು. ಐಟಿ ಮಂದಿ ಟ್ವಿಟರಲ್ಲಿ ಗಲಾಟೆ ಮಾಡಿದ್ರು, ಸಂಸದರು ಮುಖ್ಯಮಂತ್ರಿಗೆ ಪತ್ರ ಬರೆದ್ರು. ನಾವು ಪರ್ಮಿಟ್, ಎಫ್‌ಸಿ, ಬ್ಯಾಡ್ಜು, ಹೆಚ್ಚಿನ ಇನ್ಶೂರೆನ್ಸು ಎಲ್ಲ ಕಟ್ಟಿ ಗಾಡಿ ಓಡಿಸೋದು, ನೀವು ಒಂದು ಆ್ಯಪ್ ಹಾಕ್ಕೊಂಡು ಅದೇ ಬಾಡಿಗೆ ಎತ್ತೋದು. ಅದರ ಮೇಲೆ ನಿಮಗೊಂದು ಬೇರೆ ಲೇನ್ ಬೇರೆ!

ಇಬ್ಲೂರಿನವ
@ಹಳದಿ ಬೋರ್ಡ್ ಪೆಟ್ರೋಲ್ ಖರ್ಚು ಹಂಚಿಕೊಳ್ಳೋದೂ ಬಾಡಿಗೆ ಓಡಿಸೋದೂ ಒಂದೇನಾ ಅಣ್ಣ? ಕೇಂದ್ರ ಸರ್ಕಾರದ 2020ರ ಅಗ್ರಿಗೇಟರ್ (ಓಲಾ, ಊಬರ್ ಥರದ ಆ್ಯಪ್ ಕಂಪನಿ) ಮಾರ್ಗಸೂಚಿಯಲ್ಲೇ ಖಾಸಗಿ ಕಾರಲ್ಲಿ ರೈಡ್ ಶೇರಿಂಗ್‌ಗೆ ಜಾಗ ಇತ್ತು. ಊರೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದೂರಿಗೆ ವಾರಕ್ಕೆ ಎರಡು.

ಹಳದಿ ಬೋರ್ಡ್
ಮಾರ್ಗಸೂಚಿ ಕೇಂದ್ರದ್ದು, ಒಪ್ಪೋದು ಬಿಡೋದು ರಾಜ್ಯದ್ದು. ಇಲ್ಲಿ 2017ರಲ್ಲೇ ಓಲಾ, ಊಬರ್‌ನ ಶೇರ್, ಪೂಲ್ ನಿಲ್ಲಿಸಿ ಅಂದಿದ್ರು. ಅದು ಹಳದಿ ಬೋರ್ಡಲ್ಲೇ ನಡೀತಿದ್ದಿದ್ದು, ಅದಕ್ಕೇ ತಕರಾರು. ಇನ್ನೊಂದು ವಿಷಯ, ನಿಮ್ಮ ಕಾರಿನ ಪಾಲಿಸಿ ತೆಗೆದು ಓದಿ. ಬಾಡಿಗೆಗೆ ಬಳಸಿದ್ರೆ ಕ್ಲೇಮ್ ಇಲ್ಲ ಅಂತ ಬರೆದಿರುತ್ತೆ. ಅಪಘಾತ ಆದ ದಿನ ಹಂಚಿಕೆನೋ ಬಾಡಿಗೆನೋ ಅಂತ ಕಂಪನಿಯವರ ಹತ್ರ ವಾದ ಮಾಡ್ತಾ ಕೂರ್ತೀರಾ?

ಸ್ಯಾನ್ ಹೋಸೆ ಸುಬ್ಬು
ಕ್ಯಾಲಿಫೋರ್ನಿಯಾದಿಂದ ಬರೀತಿದ್ದೀನಿ. ಇಲ್ಲಿ 101 ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಲೇನ್ ಇದೆ. ಸ್ಯಾನ್ ಮಟೇಯೊ ಕೌಂಟಿಯ ಭಾಗ ಪೂರ್ತಿ ತೆರೆದಿದ್ದು 2023ರಲ್ಲಿ. ಮೂರು ಜನ ಇದ್ರೆ ಉಚಿತ, ಇಬ್ಬರಿದ್ರೆ ಅರ್ಧ ಟೋಲ್, ಒಬ್ಬರೇ ಇದ್ರೆ ಪೂರ್ತಿ. ಗಾಜಿಗೆ ಅಂಟಿಸೋ ಡಬ್ಬಿಯಲ್ಲಿ 1, 2, 3 ಅಂತ ಸ್ವಿಚ್ಚಿರುತ್ತೆ, ಎಷ್ಟು ಜನ ಅಂತ ನಾವೇ ತಿರುಗಿಸಬೇಕು. ಬರೀ ಕಾರ್‌ಪೂಲ್‌ಗೇ ಇರೋ ಲೇನುಗಳೂ ಇವೆ. ಅಲ್ಲಿ ಒಬ್ಬರೇ ನುಗ್ಗಿ ಸಿಕ್ಕಿಬಿದ್ರೆ ಕನಿಷ್ಠ 490 ಡಾಲರ್ ದಂಡ.

ಆದ್ರೆ ಇಬ್ಲೂರಿನವರೇ, ನೀವು ಕೇಳ್ತಿರೋದು ಇರೋ ಲೇನನ್ನ ಕಿತ್ಕೊಳ್ಳೋದು. ಇಲ್ಲಿ ಅದನ್ನ 1976ರಲ್ಲಿ ಲಾಸ್ ಏಂಜಲಿಸ್‌ನ ಸಾಂಟಾ ಮೋನಿಕಾ ಫ್ರೀವೇಯಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದಾರೆ. ಒಂದು ಲೇನ್ ತೆಗೆದು ಮೂರು ಜನರ ಕಾರಿಗೂ ಬಸ್ಸಿಗೂ ಕೊಟ್ರು. ಬಸ್ಸಿನ ಜನ ಹೆಚ್ಚಿದ್ರು, ಕಾರ್‌ಪೂಲೂ ಹೆಚ್ಚಿತು. ಪಕ್ಕದ ಲೇನಲ್ಲಿ ನಿಂತವರ ಸಿಟ್ಟು ಅದಕ್ಕಿಂತ ಹೆಚ್ಚಿತು. 21 ವಾರಕ್ಕೆ ಕೋರ್ಟು ನಿಲ್ಲಿಸ್ತು. ಅದಾದ ಮೇಲೆ ಇಲ್ಲಿ ಹೆಚ್ಚಿನ ಕಡೆ ರಸ್ತೆ ಅಗಲ ಮಾಡಿ ಹೊಸ ಲೇನ್ ಸೇರಿಸೋದು, ಅದನ್ನ ಕಾರ್‌ಪೂಲ್ ಅನ್ನೋದು.

ಕ್ಲಚ್ ಕಾಲು
ನಮ್ಮಲ್ಲಿ ಅಗಲ ಮಾಡೋಕೆ ಹೋದ್ರೆ ಸಿಗೋದು ಕೆರೆ.

ಮಾರಾಯ್ರೆ
ಅಥವಾ ಕೆರೆ ಮೇಲೆ ಕಟ್ಟಿದ ಟೆಕ್ ಪಾರ್ಕ್ 😀

ಬಸ್ಸೇ ಗತಿ
ಎಲ್ಲರೂ ಅಮೆರಿಕಕ್ಕೆ ಹೋಗಿ ಬಂದ್ರಿ, ಇದೇ ರಸ್ತೆಯಲ್ಲಿ 2019ರ ಅಕ್ಟೋಬರಲ್ಲಿ ಏನಿತ್ತು ಅಂತ ಒಬ್ಬರೂ ಹೇಳಲಿಲ್ಲ. ಬಸ್ ಆದ್ಯತಾ ಪಥ. ಸಿಲ್ಕ್ ಬೋರ್ಡಿಂದ ಟಿನ್ ಫ್ಯಾಕ್ಟರಿ ಕಡೆಗೆ ಎಡಗಡೆ ಲೇನಿಗೆ ಸಾಲಾಗಿ ಕಂಬ ನೆಟ್ಟು ಬಿಎಂಟಿಸಿಗೆ ಬಿಟ್ಟುಕೊಟ್ಟಿದ್ರು. ನಾನು ಆಗ 500ಡಿಯಲ್ಲಿ ಹೆಬ್ಬಾಳದಿಂದ ಬರ್ತಿದ್ದವಳು. ಪಕ್ಕದಲ್ಲಿ ಕಾರುಗಳು ನಿಂತಿರೋವಾಗ ನಮ್ಮ ಬಸ್ಸು ದಾಟ್ಕೊಂಡು ಹೋಗೋದನ್ನ ಬೆಂಗಳೂರಲ್ಲಿ ಅದೇ ಮೊದಲು, ಅದೇ ಕೊನೆ ನೋಡಿದ್ದು. ಆಮೇಲೆ ಕೋವಿಡ್ ಬಂತು, ಬಸ್ಸಲ್ಲಿ ಜನ ಇಲ್ಲ. 2021ರಲ್ಲಿ ಮೆಟ್ರೋ ಕೆಲಸ ಶುರುವಾಯ್ತು, ಕಂಬ ಎಲ್ಲಾ ಹೋದ್ವು.

ಅರ್ಜಿ ಬರೆಯೋದಾದ್ರೆ ಅದನ್ನ ವಾಪಸ್ ಕೇಳಿ. ಮೂರು ಜನರ ಕಾರಂತೆ! ಒಂದು ಬಸ್ಸಲ್ಲಿ ಐವತ್ತು ಜನ ಕೂರ್ತೀವಿ, ನಿಲ್ಲೋರು ಬೇರೆ.

ಇಬ್ಲೂರಿನವ
@ಬಸ್ಸೇ ಗತಿ ಒಪ್ಪಿದೆ ಮೇಡಂ. ಆದ್ರೆ ಆ ಲೇನು ಬಸ್ಸು ಬಸ್ಸಿನ ನಡುವೆ ಖಾಲಿ ಬಿದ್ದಿರ್ತಿತ್ತು. ಅದನ್ನ ನೋಡಿಯೇ ಜನ ಉರ್ಕೊಂಡಿದ್ದು. ಆ ಖಾಲಿ ಜಾಗಕ್ಕೆ ಕಾರ್‌ಪೂಲ್ ಬಿಟ್ರೆ ಇಬ್ಬರಿಗೂ ಲಾಭ ಅಲ್ವಾ?

ಬಸ್ಸೇ ಗತಿ
ಖಾಲಿ ಕಾಣ್ತಿತ್ತು. ನಿಮಿಷಕ್ಕೊಂದು ಬಸ್ ಬಂದ್ರೂ ಲೇನ್ ಖಾಲಿನೇ ಕಾಣುತ್ತೆ. ಗಂಟೆಗೆ ಅರವತ್ತು ಬಸ್ಸು, ಮೂರು ಸಾವಿರ ಜನ. ನಿಮ್ಮ ಒಬ್ಬೊಬ್ಬರ ಕಾರು ಅದೇ ಲೇನಲ್ಲಿ ಬಂಪರಿಗೆ ಬಂಪರ್ ತಾಗಿಸಿ ಹೋದ್ರೂ ಅಷ್ಟು ಜನರನ್ನ ದಾಟಿಸಲ್ಲ.

ಕ್ಲಚ್ ಕಾಲು
ನಿಮಿಷಕ್ಕೊಂದು ಬಸ್ಸು ಯಾವ ಊರಲ್ಲಿ ಮೇಡಂ? ನಾನೂ ಬರ್ತೀನಿ ಅಲ್ಲಿಗೆ.

ಚಿಗರಿ ಪಾಸ್
ನಮ್ಮೂರಿಗೆ ಬರ್ರಿ ಸರ. ಹುಬ್ಬಳ್ಳಿ-ಧಾರವಾಡ ನಡುವ 22 ಕಿಲೋಮೀಟರ್ ಬಸ್ಸಿಗಂತನ ಬ್ಯಾರೆ ದಾರಿ ಮಾಡ್ಯಾರ. 2018ರಾಗ ಅಲ್ಲಿ ಚಿಗರಿ ಅನ್ನೋ ಬಸ್ಸು ಓಡಾಕ ಹತ್ತಿದ್ವು, 2020ರ ಫೆಬ್ರವರಿದಾಗ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನಾ ಮಾಡಿ ಹೋದ್ರು. ಎಸಿ ಬಸ್, ಮೆಟ್ರೋದಾಗ ಇರ್ತೈತಲ್ಲ ಹಂತಾ ಗೇಟು, ಎಲ್ಲಾ ಐತಿ. ಆದ್ರ ಈಗ ಏನ್ ಮಾತು ನಡದೈತಿ ಗೊತ್ತೇನು? ಬಿಆರ್‌ಟಿಎಸ್ ಅಂದ್ರ ಈ ಬಸ್ ದಾರಿ ತಗದು ಆ ಜಾಗಾನೂ ಎಲ್ಲಾ ಗಾಡಿಗೆ ಬಿಡ್ರಿ ಅಂತ. ಮಂತ್ರಿಗೋಳ ಬಾಯಾಗನ ಬಂದೈತಿ ಅದು. ಯಾಕಂದ್ರ ಬಾಜೂಕ ಉಳದ ರಸ್ತಾ ಇಕ್ಕಟ್ಟ, ಅಲ್ಲಿ ಗದ್ದಲ ಭಾಳ.

ಹೊಸದಾಗಿ ದಾರಿ ಕಟ್ಟಿ ಕೊಟ್ಟ ನಮ್ಮಲ್ಲೇ ಹಿಂಗ. ಇದ್ದದ್ದನ್ನ ಕಸಗೊಂಡ್ರ ಬೆಂಗಳೂರಿನ ಮಂದಿ ಬಿಡ್ತಾರೇನು?

ಬಸ್ಸೇ ಗತಿ
ದೆಹಲಿಯಲ್ಲೂ ಹೀಗೇ ಆಯ್ತು. ಅಂಬೇಡ್ಕರ್ ನಗರ–ಮೂಲ್‌ಚಂದ್ ಬಸ್ ಪಥ, ಆರು ಕಿಲೋಮೀಟರೂ ಪೂರ್ತಿ ಇರಲಿಲ್ಲ. 2008ರಲ್ಲಿ ತೆರೆದ್ರು, ಕಾರಿನವರು ಬೈದು ಬೈದು ಕೊನೆಗೆ ಕಿತ್ತೇ ಹಾಕಿಸಿದ್ರು.

ಸೆಕೆಂಡ್ ಶಿಫ್ಟ್
ಲೇನ್ ಕೊಟ್ರೆ ಜನ ಜೊತೆಗೆ ಹೋಗ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ದೀರಿ. ನಾನು ಪೂಲ್ ಮಾಡ್ತಿದ್ದೆ, ಬಿಟ್ಟೆ. ಬೆಳಗ್ಗೆ ಹೋಗೋದು ಕಷ್ಟವೇ ಅಲ್ಲ. ವಾಪಸ್ ಬರೋದು ಕಷ್ಟ. ಆರಕ್ಕೆ ಹೊರಡೋಣ ಅಂತ ಮಾತಾಗಿರುತ್ತೆ, ಐದೂ ಐವತ್ತಕ್ಕೆ ಇನ್ನೊಂದು ಖಂಡದವರು ಮೀಟಿಂಗ್ ಇಡ್ತಾರೆ. ಕಾರಿನವರು ಕಾಯಲ್ಲ, ಕಾಯಬೇಕು ಅಂತ ಹೇಳೋಕೂ ಆಗಲ್ಲ. ಆಮೇಲೆ ಕ್ಯಾಬ್ ಹಿಡಿದ್ರೆ ಆ ವಾರ ಉಳಿಸಿದ್ದೆಲ್ಲ ಒಂದೇ ಸಂಜೆಗೆ ಹೋಯ್ತು.

ಹೆಣ್ಣುಮಕ್ಕಳಿಗೆ ಇನ್ನೂ ಒಂದಿದೆ. ಯಾರ ಕಾರು, ಹಿಂದೆ ಯಾರು ಕೂತಿದ್ದಾರೆ, ಮನೆ ಗೇಟಿನವರೆಗೆ ಬರ್ತೀನಿ ಅಂತಾರಾ, ಬೇಡ ಅಂದ್ರೆ ಮುಖ ಹೇಗೆ ಮಾಡ್ತಾರೆ. ಆ್ಯಪಲ್ಲಿ ‘ಮಹಿಳೆಯರು ಮಾತ್ರ’ ಅಂತ ಹಾಕಿದ್ರೆ ನಮ್ಮ ದಾರಿಯಲ್ಲಿ ಸಿಗೋದು ಬೆರಳೆಣಿಕೆ. ಲೇನಿನಿಂದ ಹತ್ತು ನಿಮಿಷ ಉಳಿಯುತ್ತೆ ಅಂತ ಇದೆಲ್ಲ ಸಹಿಸ್ಕೋಬೇಕಾ?

ಸ್ಯಾನ್ ಹೋಸೆ ಸುಬ್ಬು
@ಸೆಕೆಂಡ್ ಶಿಫ್ಟ್ ವಾಪಸಾತಿಗೆ ಇಲ್ಲಿ ಒಂದು ವ್ಯವಸ್ಥೆ ಇದೆ. ಅಲಮೀಡಾ ಕೌಂಟಿಯಲ್ಲಿ ಪೂಲ್ ಮಾಡಿಯೋ ಬಸ್ಸಲ್ಲೋ ಕೆಲಸಕ್ಕೆ ಬಂದವರಿಗೆ ಅನಿರೀಕ್ಷಿತವಾಗಿ ತಡವಾದ್ರೆ, ಮಗುವಿಗೆ ಹುಷಾರಿಲ್ಲ ಅಂತ ಫೋನ್ ಬಂದ್ರೆ, ಟ್ಯಾಕ್ಸಿ ಖರ್ಚು ಕೌಂಟಿಯ ಯೋಜನೆ ಕೊಡುತ್ತೆ. ವರ್ಷಕ್ಕೆ ಇಷ್ಟು ಸಲ ಅಂತ ಮಿತಿ ಇರುತ್ತೆ. ನಿಮ್ಮ ಟೆಕ್ ಪಾರ್ಕಿನವರು ಸೇರಿ ಇದನ್ನ ಮಾಡೋಕೆ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಸ್ಪ್ಲೆಂಡರ್ ಸೀನ
ಬೈಕಲ್ಲಿ ಇಬ್ಬರು ಕೂತ್ರೆ ಸೀಟು ಫುಲ್. ಕಾರಲ್ಲಿ ಐದು ಸೀಟಿಗೆ ಮೂರು ಜನ ಕೂತ್ರೆ ಲೇನು, ಎರಡಕ್ಕೆ ಎರಡು ಕೂತ ನಮಗಿಲ್ವಾ? ನ್ಯಾಯ ಹೇಳಿ.

ಸ್ಯಾನ್ ಹೋಸೆ ಸುಬ್ಬು
ಇಲ್ಲಿ ಬೈಕಿನವರು ಒಬ್ಬರೇ ಇದ್ರೂ ಕಾರ್‌ಪೂಲ್ ಲೇನಿಗೆ ಬರಬಹುದು. ಫೆಡರಲ್ ಕಾನೂನೇ ಹಾಗಿದೆ.

ಸ್ಪ್ಲೆಂಡರ್ ಸೀನ
ಆಯ್ತು, ನನ್ನ ಸಹಿ ಹಾಕ್ಕೊಳ್ಳಿ.

ಲೇನ್ ಲೆಕ್ಕ
ರಸ್ತೆ ವಿನ್ಯಾಸದ ಕೆಲಸ ಮಾಡ್ತೀನಿ, ಅದಕ್ಕೇ ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದ್ರೆ ದಾಟಿಸ್ಕೊಂಡು ಹೋಗಿ.

ಸೀನ ಅವರೇ, ಅಲ್ಲಿ ಬೈಕು ಅಪರೂಪ, ಅದಕ್ಕೇ ಬಿಡ್ತಾರೆ. ಬೆಂಗಳೂರಲ್ಲಿ ನೋಂದಣಿಯಾದ ಮೂರು ವಾಹನಗಳಲ್ಲಿ ಸುಮಾರು ಎರಡು ದ್ವಿಚಕ್ರ. ನಿಮ್ಮನ್ನ ಬಿಟ್ರೆ ಆ ಲೇನಲ್ಲಿ ಬೇರೆ ಯಾರೂ ಬರೋಕಾಗಲ್ಲ, ಬಿಡದಿದ್ರೆ ಕಂಬಗಳ ಮಧ್ಯೆ ತೂರ್ಕೊಂಡು ನೀವು ಹೇಗೂ ಬರ್ತೀರಿ. 2019ರಲ್ಲೂ ಬಂದಿದ್ರಿ.

ಮುಖ್ಯವಾದದ್ದು, ಆ ಲೇನ್ ಯಾವ ಕಡೆ ಇರಬೇಕು ಅನ್ನೋದು. ಅಮೆರಿಕದಲ್ಲಿ ಅದು ಮೀಡಿಯನ್, ಅಂದ್ರೆ ರಸ್ತೆ ಮಧ್ಯದ ಡಿವೈಡರ್ ಪಕ್ಕದಲ್ಲಿರುತ್ತೆ. ಹತ್ತಾರು ಮೈಲಿ ನೇರ ಹೋಗೋರಿಗೆ ಸರಿ. ನಮ್ಮ ಲೆಕ್ಕದಲ್ಲಿ ಅಂದ್ರೆ ಬಲಗಡೆ ಲೇನ್. ಆದ್ರೆ ರಿಂಗ್ ರೋಡಲ್ಲಿ ಹೆಚ್ಚಿನವರು ಹೋಗೋದು ಮಾರತಹಳ್ಳಿಗೋ ಕಾಡುಬೀಸನಹಳ್ಳಿಗೋ ಬೆಳ್ಳಂದೂರಿಗೋ. ನಾಲ್ಕೈದು ಕಿಲೋಮೀಟರಿಗೆ ಸರ್ವೀಸ್ ರೋಡಿಗೆ ಇಳೀಬೇಕು. ಬಲ ಲೇನಿಂದ ಎರಡು ಲೇನ್ ಅಡ್ಡ ಕತ್ತರಿಸ್ಕೊಂಡು ಎಡಕ್ಕೆ ಬರೋದ್ರಲ್ಲಿ ಉಳಿಸಿದ ಸಮಯ ಹೋಗುತ್ತೆ, ಅದರ ಜೊತೆಗೆ ಹಿಂದಿನವರೆಲ್ಲ ಬ್ರೇಕ್ ಹೊಡೀತಾರೆ. ರಿಂಗ್ ರೋಡ್ ನಿಲ್ಲೋದು ಗಾಡಿ ಹೆಚ್ಚಾಯ್ತು ಅಂತಷ್ಟೇ ಅಲ್ಲ, ಈ ಇಳಿಯೋ-ಹತ್ತೋ ಬಾಯಿಗಳಲ್ಲಿ. ಎಡ ಲೇನ್ ಕೊಟ್ರೆ ಬಸ್ ಸ್ಟಾಪು ಅಲ್ಲಿ, ಇಳಿಯೋ ದಾರಿ ಅಲ್ಲಿ, ನಿಂತ ಕ್ಯಾಬು ಅಲ್ಲಿ.

ಆಮೇಲೆ ತಲೆ ಎಣಿಸೋದು. ಕ್ಯಾಮರಾ ನಂಬರ್ ಪ್ಲೇಟ್ ಓದುತ್ತೆ. ಹಿಂದಿನ ಸೀಟಲ್ಲಿ ಮಲಗಿರೋ ಮಗುವನ್ನ ಎಣಿಸೋದು ಅದಕ್ಕೆ ತುಂಬ ಕಷ್ಟ, ಇಷ್ಟು ಹಣ ಸುರಿದ ದೇಶಗಳಲ್ಲೂ ಇನ್ನೂ ಪೊಲೀಸರೇ ಇಣುಕಿ ನೋಡ್ತಾರೆ. ಸಂಶಯ ಬಂದ ಕಾರನ್ನ ಪಕ್ಕಕ್ಕೆ ಹಾಕಿಸೋಕೆ ಅಲ್ಲಿ ರಸ್ತೆ ಅಂಚಲ್ಲಿ ಅಗಲವಾದ ಶೋಲ್ಡರ್ ಇದೆ. ಇಬ್ಲೂರು ಜಂಕ್ಷನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಒಂದು ಕಾರ್ ಪಕ್ಕಕ್ಕೆ ಹಾಕಿಸಿ, ನೋಡೋಣ. ಬಸ್ ಲೇನಿಗೆ ಈ ತಲೆನೋವಿಲ್ಲ. ಪಟ್ಟಿಯಲ್ಲಿಲ್ಲದ ನಂಬರ್ ಕಂಡ್ರೆ ಚಲನ್ ಮನೆಗೆ ಹೋಗುತ್ತೆ.

ಮಾರಾಯ್ರೆ
ತಲೆ ಎಣಿಸೋ ವಿಷಯಕ್ಕೆ. 2019ರಲ್ಲಿ ಲಾಸ್ ವೇಗಾಸಲ್ಲಿ ಶವವಾಹನ ಓಡಿಸುವವನೊಬ್ಬ ಕಾರ್‌ಪೂಲ್ ಲೇನಲ್ಲಿ ಸಿಕ್ಕಿಬಿದ್ದ. ಹಿಂದೆ ಹೆಣ ಉಂಟಲ್ಲ, ಅದು ಲೆಕ್ಕಕ್ಕಿಲ್ಲವಾ ಅಂತ ಪೊಲೀಸರನ್ನೇ ಕೇಳಿದನಂತೆ! 2022ರಲ್ಲಿ ಟೆಕ್ಸಾಸಲ್ಲಿ ಒಬ್ಬ ಬಸುರಿ, ಹೊಟ್ಟೆಯಲ್ಲಿರುವ ಮಗು ಎರಡನೇ ಪ್ರಯಾಣಿಕ ಅಂತ ವಾದಿಸಿದಳು. ಅವಳ ದಂಡ ಕೊನೆಗೆ ವಜಾ ಆಯ್ತು ಮಾರಾಯ್ರೆ.

ಕ್ಲಚ್ ಕಾಲು
ನಮ್ಮಲ್ಲಿ ಶ್ರಾವಣ ಮಾಸದಲ್ಲಿ ಮನೆದೇವರ ಫೋಟೋ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗೋರನ್ನ ಯಾವ ಪೊಲೀಸ್ ಇಳಿಸ್ತಾನೆ?

ಜಕಾರ್ತದಲ್ಲಿದ್ದವ
ಬಾಡಿಗೆ ಪ್ರಯಾಣಿಕರ ಕತೆ ಯಾರೂ ಹೇಳಲಿಲ್ವಾ? ಜಕಾರ್ತದಲ್ಲಿ 1992ರಿಂದ ‘ತ್ರೀ-ಇನ್-ಒನ್’ ಇತ್ತು. ಸುದಿರ್‌ಮನ್, ತಮ್ರಿನ್ ಥರದ ದೊಡ್ಡ ರಸ್ತೆಗಳಿಗೆ ಪೀಕ್ ಅವರ್ಸಲ್ಲಿ ಮೂರು ಜನ ಇಲ್ಲದೆ ಕಾರು ಬರೋ ಹಾಗಿಲ್ಲ. ಏನಾಯ್ತು? ಆ ರಸ್ತೆ ಸೇರೋ ಬೀದಿಗಳಲ್ಲಿ ಜನ ಸಾಲಾಗಿ ನಿಂತು ಬೆರಳೆತ್ತೋರು. ಅವರಿಗೆ ಜಾಕಿಗಳು ಅಂತ ಹೆಸರು. ಚಿಲ್ಲರೆ ಕಾಸು ಕೊಟ್ರೆ ಕಾರಲ್ಲಿ ಕೂತು ಬರ್ತಾರೆ, ಆಚೆ ತುದೀಲಿ ಇಳೀತಾರೆ. ಕಂಕುಳಲ್ಲಿ ಕೂಸಿದ್ರೆ ಎರಡು ತಲೆ ಲೆಕ್ಕ, ಅಂಥ ತಾಯಂದಿರಿಗೆ ಬೇಡಿಕೆ ಜಾಸ್ತಿ. ಮಕ್ಕಳನ್ನ ಹೀಗೆ ಬಳಸ್ತಾರೆ ಅನ್ನೋ ಕೂಗು ಎದ್ದು 2016ರಲ್ಲಿ ಪದ್ಧತಿಯನ್ನೇ ತೆಗೆದ್ರು.

ಎಲ್ಲರೂ ಇಲ್ಲಿಗೆ ಕತೆ ನಿಲ್ಲಿಸಿ ನಗ್ತಾರೆ. ಮುಂದಿನದ್ದು ಕೇಳಿ. ಹಾರ್ವರ್ಡ್, ಎಂಐಟಿಯ ಸಂಶೋಧಕರು ಗೂಗಲ್ ಮ್ಯಾಪ್ಸ್ ದತ್ತಾಂಶ ತೆಗೆದು ನೋಡಿದ್ರು, 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನಿಯಮ ಹೋದ ಮೇಲೆ ಸಂಜೆ ಹೊತ್ತಿನ ವಿಳಂಬ ಕಿಲೋಮೀಟರಿಗೆ 2.8 ನಿಮಿಷ ಇದ್ದಿದ್ದು 5.3 ಆಯ್ತು. ನಿಯಮವೇ ಇಲ್ಲದಿದ್ದ ಅಕ್ಕಪಕ್ಕದ ರಸ್ತೆಗಳಲ್ಲೂ ಜಾಮ್ ಹೆಚ್ಚಿತು. ಅಂದ್ರೆ ಅಷ್ಟು ಕಳ್ಳಾಟ ನಡೆದ್ರೂ ಆ ನಿಯಮ ಕೆಲಸ ಮಾಡ್ತಾ ಇತ್ತು.

ಇಬ್ಲೂರಿನವ
@ಜಕಾರ್ತದಲ್ಲಿದ್ದವ ಇದನ್ನ ಅರ್ಜಿಗೆ ಸೇರಿಸ್ತೀನಿ.

ಲೇನ್ ಲೆಕ್ಕ
ಸೇರಿಸೋ ಮುಂಚೆ ನೋಡಿ, ಅಲ್ಲಿದ್ದದ್ದು ಲೇನ್ ಅಲ್ಲ, ಇಡೀ ರಸ್ತೆ. ಮೂರು ಜನ ಇಲ್ದಿದ್ರೆ ಆ ಹೊತ್ತಲ್ಲಿ ಒಳಗೇ ಬರೋ ಹಾಗಿಲ್ಲ. ಅದು ನಿಮ್ಮ ಪ್ರಸ್ತಾವಕ್ಕಿಂತ ಆ ಶುಲ್ಕದ ಪ್ರಸ್ತಾವಕ್ಕೇ ಹತ್ತಿರ. ನಿಮ್ಮ ಗ್ರೂಪಿನವರು ಬೇಡ ಅಂದಿದ್ದು ಅದನ್ನೇ ತಾನೆ?

ಹಳದಿ ಬೋರ್ಡ್
ಜಾಕಿ ಕೆಲಸಕ್ಕೆ ನಮ್ಮ ಹುಡುಗರು ರೆಡಿ. ಅದಕ್ಕೂ ಬ್ಯಾಡ್ಜ್ ಬೇಕಾ?

ವಿಧಾನಸೌಧ ವಾಕಿಂಗ್
ಯಾರಿಗೆ ಅರ್ಜಿ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಬಿಎಂಎಲ್‌ಟಿಎ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ. 2022ರ ಕಾಯ್ದೆ, ಮುಖ್ಯಮಂತ್ರಿಯೇ ಅಧ್ಯಕ್ಷರು. ಬಸ್ಸು, ಮೆಟ್ರೋ, ರಸ್ತೆ, ಪಾರ್ಕಿಂಗ್ ಎಲ್ಲವನ್ನೂ ಒಂದೇ ಕಡೆ ಕೂತು ಯೋಜಿಸೋಕೆ ಅಂತಲೇ ಮಾಡಿದ್ದು. ಅದಕ್ಕೂ ಮುಂಚೆ 2007ರಿಂದ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೆ. ಯೋಜನೆ ಮಾಡೋರಿಗೆ ಬರ ಇಲ್ಲ, ಅದನ್ನ ಒಪ್ಪಿ ನಡೆಸೋರು ಹಂಚಿ ಹೋಗಿದ್ದಾರೆ. 2025ರ ಸೆಪ್ಟೆಂಬರಿಂದ ಪಾಲಿಕೆ ಐದಾಗಿದೆ. ಮಹದೇವಪುರ, ಕೆ.ಆರ್. ಪುರ ಪೂರ್ವ ಪಾಲಿಕೆಗೆ, ಸಿಲ್ಕ್ ಬೋರ್ಡ್ ಕಡೆ ದಕ್ಷಿಣಕ್ಕೆ. ಮೇಲೆ ಜಿಬಿಎ, ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮಧ್ಯದ ಮೆಟ್ರೋ ಕಂಬ ಬಿಎಂಆರ್‌ಸಿಎಲ್‌ದು. ಬಸ್ಸು ಬಿಎಂಟಿಸಿದು. ಸುರಂಗ ರಸ್ತೆಗೆ ಬೇರೆ ಕಂಪನಿ. ಒಂದು ಲೇನಿಗೆ ಇಷ್ಟೂ ಜನ ತಲೆ ಆಡಿಸಬೇಕು.

ಸಿಕ್ಕ ಸಿಕ್ಕ ಉಪಾಯ ಬರೋದೂ ಇದಕ್ಕೇ. 2025ರಲ್ಲಿ ವಿಪ್ರೊ ಕ್ಯಾಂಪಸ್ ಒಳಗಿಂದ ಗಾಡಿ ಬಿಡಿ ಅಂತ ಅಜೀಂ ಪ್ರೇಮ್‌ಜಿಗೆ ಮುಖ್ಯಮಂತ್ರಿ ಪತ್ರ ಬರೆದ್ರು, ಪ್ರೇಮ್‌ಜಿ ಆಗಲ್ಲ ಅಂದ್ರು. ಹೊರಗಿನ ಲಾರಿ ಊರೊಳಗೆ ಬರದ ಹಾಗೆ 73 ಕಿಲೋಮೀಟರ್ ಪೆರಿಫೆರಲ್ ರಿಂಗ್ ರೋಡ್ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದೀವಿ. ಈಗ ಅದರ ಹೆಸರು ಬಿಸಿನೆಸ್ ಕಾರಿಡಾರ್. ಹೆಸರಿಗಾದ್ರೂ ಮುಹೂರ್ತ ಕೂಡಿಬಂತು.

ಕ್ಲಚ್ ಕಾಲು
ಸುರಂಗ ಬರ್ಲಿ ಬಿಡಿ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಭೂಮಿ ಒಳಗೆ ಹೋಗಬಹುದು.

ಬಸ್ಸೇ ಗತಿ
ಟೋಲ್ ಕೊಟ್ಟು. ಬೈಕಿಗೂ ಆಟೋಗೂ ಪ್ರವೇಶ ಇಲ್ಲ ಅಂತಿದ್ದಾರೆ. ಯಾರಿಗೆ ಅಂತ ಕಟ್ತಿದ್ದಾರೋ.

ಇಬ್ಲೂರಿನವ
ಸುರಂಗಕ್ಕೆ ಬೇರೆ ಜಗಳ ಇಟ್ಕೊಳ್ಳೋಣ. ಗ್ರೂಪಲ್ಲಿ ಇದನ್ನೆಲ್ಲ ಹಾಕಿದೆ. ಅರ್ಧ ಜನ ಮುನಿಸ್ಕೊಂಡಿದ್ದಾರೆ. ಈಗಿನ ಕರಡು ಹೀಗಿದೆ: ಮೆಟ್ರೋ ನೀಲಿ ಮಾರ್ಗದ ಕೆಲಸ ಮುಗಿದು ರಸ್ತೆ ವಾಪಸ್ ಸಿಕ್ಕಿದ ಕೂಡಲೇ ಎಡ ಲೇನ್ ಬಸ್ಸಿಗೆ ಹೋಗಬೇಕು, ಕಾರಿಗೆ ರೂಢಿ ಆಗೋ ಮುಂಚೆ. ಕಂಪನಿ ಬಸ್ಸು, ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ಗೂ ಅದೇ ಲೇನ್, ಅವುಗಳ ನಂಬರ್ ಮೊದಲೇ ನೋಂದಾಯಿಸ್ಕೊಂಡ್ರೆ ತಲೆ ಎಣಿಸೋ ಕೆಲಸ ಇಲ್ಲ. ಕಾರ್‌ಪೂಲ್‌ಗೆ ಸದ್ಯಕ್ಕೆ ಲೇನ್ ಕೇಳಲ್ಲ. ಖರ್ಚು ಹಂಚಿಕೊಂಡು ಹೋಗೋದು ತಪ್ಪಲ್ಲ ಅಂತ ಸರ್ಕಾರ ಬರಹದಲ್ಲಿ ಕೊಡಲಿ, ಟೆಕ್ ಪಾರ್ಕ್‌ಗಳು ಪೂಲ್ ಕಾರಿಗೆ ಗೇಟಿನ ಹತ್ತಿರದ ಪಾರ್ಕಿಂಗ್ ಕೊಡಲಿ, ಒಬ್ಬರೇ ಬರೋರು ಕೊನೆ ಬೇಸ್‌ಮೆಂಟಿಗೆ ಹೋಗಲಿ.

ಸ್ಯಾನ್ ಹೋಸೆ ಸುಬ್ಬು
ಇದೇ ಸರಿಯಾದ ಕ್ರಮ ಅನ್ಸುತ್ತೆ. ಅಮೆರಿಕದಲ್ಲಿ ಕಾರ್‌ಪೂಲ್ ಲೇನ್ ಹುಟ್ಟಿದ್ದೂ ಹೀಗೇ. ವರ್ಜೀನಿಯಾದ ಶರ್ಲಿ ಹೈವೇಯಲ್ಲಿ 1969ರಲ್ಲಿ ಮೊದಲು ಬಸ್ಸಿಗೆ ಮಾತ್ರ ಬಿಟ್ಟಿದ್ರು. ಜಾಗ ಉಳಿಯುತ್ತೆ ಅಂತ ಗೊತ್ತಾದ ಮೇಲೆ, 1973ರಲ್ಲಿ ನಾಲ್ಕು ಜನರ ಕಾರನ್ನ ಒಳಗೆ ಬಿಟ್ಟಿದ್ದು.

ಸೆಕೆಂಡ್ ಶಿಫ್ಟ್
ವಾಪಸಾತಿ ಟ್ಯಾಕ್ಸಿ ವಿಷಯ ಸೇರಿಸಿಲ್ಲ ನೀವು.

ಇಬ್ಲೂರಿನವ
ಸೇರಿಸಿದೆ, ಕಂಪನಿಗಳಿಗೆ ಬರೆಯೋ ಪತ್ರದಲ್ಲಿ. ಅದು ಬೇರೆ ಹೋಗುತ್ತೆ.

ಹಳದಿ ಬೋರ್ಡ್
ಹಂಚಿಕೆ ಅಂದ್ರೆ ಕಿಲೋಮೀಟರಿಗೆ ಎಷ್ಟು ರೂಪಾಯಿವರೆಗೆ ಅಂತ ಮಿತಿ ಹಾಕಿ. ಮಿತಿ ಇಲ್ದಿದ್ರೆ ನಮ್ಮ ಸಂಘದವರು ಇದಕ್ಕೆ ವಿರುದ್ಧ ಅರ್ಜಿ ಕೊಡ್ತಾರೆ, ಈಗಲೇ ಹೇಳಿದ್ದೀನಿ.

ಚಿಗರಿ ಪಾಸ್
ಬಸ್ ಲೇನ್ ಕೇಳೋದಾದ್ರ ಬಸ್ಸೂ ಕೇಳ್ರಿ. ಲೇನ್ ಕೊಟ್ಟು ಬಸ್ ಕೊಡಲಿಲ್ಲಂದ್ರ ಆರು ತಿಂಗಳಿಗೆ ಕಾರಿನವರು ವಾಪಸ್ ಬರ್ತಾರ.

ಸ್ಪ್ಲೆಂಡರ್ ಸೀನ
ನನ್ನ ಸಹಿ ತೆಗೀರಿ. ಈ ಕರಡಲ್ಲಿ ಬೈಕಿನ ಸುದ್ದಿನೇ ಇಲ್ಲ.

ಕ್ಲಚ್ ಕಾಲು
ನಂದು ಹಾಕ್ಕೊಳ್ಳಿ. ಆದ್ರೆ ಒಬ್ಬರೇ ಬರೋರು ಕೊನೆ ಬೇಸ್‌ಮೆಂಟಿಗೆ ಅನ್ನೋ ಸಾಲು ತೆಗೆದ ಮೇಲೆ.